‘ನಿಮಗೇನು ಪಥ್ಯ?’ ಅಂತ ಕೇಳುವವರಿಗೆ

ನನಗೆ ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆ ಇದೆ. ಏಳು ವರ್ಷವಾಯಿತು. ಯಾರ ಜೊತೆ ಊಟಕ್ಕೆ ಕೂತರೂ ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಿಮಗೇನು ಪಥ್ಯ?’ ಮೊದಮೊದಲು ಕೂತು ವಿವರಿಸುತ್ತಿದ್ದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಎರಡನೇ ಸಲ ಬಡಿಸಿಕೊಂಡಿರುತ್ತಿದ್ದರು, ನನ್ನ ತಟ್ಟೆ ಆರಿ ತಣ್ಣಗಾಗಿರುತ್ತಿತ್ತು. ಈಗ ಬಾಯಲ್ಲಿ ಹೇಳಿ ಸಾಕಾಗಿದೆ. ಒಂದು ಸಲ ಬರೆದುಬಿಡುತ್ತೇನೆ.

ಉತ್ತರ ಇಷ್ಟೇ: ನನ್ನ ಹತ್ತಿರ ಪಟ್ಟಿ ಇಲ್ಲ.

ಇದು ಯಾರಿಗೂ ಸಮಾಧಾನ ಕೊಡುವುದಿಲ್ಲ. ಸಕ್ಕರೆ ಕಾಯಿಲೆಗೆ ಸಕ್ಕರೆ, ಬಿಪಿಗೆ ಉಪ್ಪು ಇದ್ದ ಹಾಗೆ ಇದಕ್ಕೂ ಒಂದು ಇರಲೇಬೇಕು ಅನ್ನುವುದು ಅವರ ಲೆಕ್ಕ. ‘ಏನೋ ಒಂದು ಬಿಡಬೇಕಲ್ವಾ? ಖಾರ? ಹಾಲು? ಗೋಧಿ?’ ಅಂತ ಒಂದೊಂದೇ ಮುಂದಿಡುತ್ತಾರೆ. ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. ‘ಏನೋ ತಿಂದಿರಬೇಕು, ಅದಕ್ಕೇ ಬಂದಿದೆ.’ ಈ ಮಾತು ನನಗೆ ನಿಜವಾಗಿಯೂ ನೋವು ಕೊಡುತ್ತದೆ. ತಪ್ಪು ನನ್ನದೇ ಅಂದ ಹಾಗಾಯಿತಲ್ಲ.

ಕ್ರೋನ್ಸ್ ಐಬಿಡಿ ಅನ್ನುವ ಗುಂಪಿಗೆ ಸೇರಿದ್ದು. ಐಬಿಡಿ ಅಂದರೆ ಕರುಳಿನ ಉರಿಯೂತದ ಕಾಯಿಲೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮದೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಬರುತ್ತದೆ. ಕ್ರೋನ್ಸ್ ಬಾಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯಬಹುದು. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ ಎಂಬ ಮೂವರು ವೈದ್ಯರು ಇದರ ಬಗ್ಗೆ ಬರೆದಾಗ ಅವರು ನೋಡಿದ್ದು ಸಣ್ಣ ಕರುಳಿನ ಕೊನೆಯ ತುಂಡನ್ನು. ನನ್ನ ಕಾಯಿಲೆಯೂ ಅದೇ ಜಾಗದಲ್ಲಿದೆ. ಇದು ಗ್ಯಾಸ್ ಅಲ್ಲ, ಅಸಿಡಿಟಿ ಅಲ್ಲ, ಹೆಸರು ಕೇಳೋಕೆ ಒಂದೇ ಥರ ಇರುವ, ಉರಿಯೂತ ಇಲ್ಲದೆ ಹೊಟ್ಟೆ ಕೆಡುವ ಐಬಿಎಸ್ ಕೂಡ ಅಲ್ಲ. ಇಂಥ ಒಂದು ಪದಾರ್ಥ ತಿಂದದ್ದಕ್ಕೆ ನಿನಗೆ ಬಂತು ಅಂತ ಬೆರಳು ಮಾಡಿ ತೋರಿಸೋಕೆ ಯಾರಿಂದಲೂ ಆಗುವುದಿಲ್ಲ.

ಸೌತೆಕಾಯಿಯ ಕತೆ ಹೇಳಲೇಬೇಕು.

ಹತ್ತಿರದ ಸಂಬಂಧಿಕರ ಮನೆಗೆ ಊಟಕ್ಕೆ ಹೋಗಿದ್ದೆ. ಮೂರು ತಿಂಗಳ ಹಿಂದೆ ಅದೇ ಮನೆಯಲ್ಲಿ, ಅದೇ ಮೇಜಿನ ಮೇಲೆ, ಹಸಿ ಸೌತೆಕಾಯಿ ಹೋಳುಗಳನ್ನು ಖುಷಿಯಿಂದ ತಿಂದಿದ್ದೆ. ಈ ಸಲ ಬೇಡ ಅಂದೆ. ಬಡಿಸುತ್ತಿದ್ದವರ ಕೈ ಹಾಗೇ ನಿಂತಿತು. ‘ಹೋದ ಸಲ ತಿಂದೆಯಲ್ಲ?’ ಅಂದರು. ಮೇಜಿನ ಸುತ್ತ ಕೂತಿದ್ದ ಎಂಟು ಜನರೂ ನನ್ನ ಕಡೆ ನೋಡಿದರು. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ಮುಖ ಬಿಸಿಯಾಯಿತು. ಏನೂ ಹೇಳೋಕೆ ತೋಚದೆ ಎರಡು ಹೋಳು ತೆಗೆದುಕೊಂಡೆ. ಆ ರಾತ್ರಿ ಹೊಟ್ಟೆ ಹಿಡಿದುಕೊಂಡು ಮಂಚದ ತುದಿಯಲ್ಲಿ ಬೆಳಗಿನವರೆಗೂ ಕೂತಿದ್ದೆ.

ಅವತ್ತು ಹೇಳಬೇಕಾಗಿದ್ದ ಮಾತು ಇದು. ನನ್ನ ಸಣ್ಣ ಕರುಳಿನ ಕೊನೆಯಲ್ಲಿ ಒಂದು ಕಡೆ ದಾರಿ ಕಿರಿದಾಗಿದೆ. ಹಳೆಯ ಗಾಯ ಮಾಗಿ ಅಲ್ಲಿ ಕಲೆ ಕಟ್ಟಿದೆ. ಕಾಯಿಲೆ ತಣ್ಣಗಿದ್ದಾಗ ಆ ಜಾಗದಲ್ಲಿ ಊಟ ಸಲೀಸಾಗಿ ಸಾಗುತ್ತದೆ. ಕಾಯಿಲೆ ಕೆರಳಿದಾಗ ಅದೇ ಜಾಗ ಊದಿಕೊಳ್ಳುತ್ತದೆ, ದಾರಿ ಇನ್ನೂ ಸಣ್ಣದಾಗುತ್ತದೆ. ಆಗ ಸರಿಯಾಗಿ ಅಗಿಯದ ಹಸಿ ತರಕಾರಿ, ಮೆಕ್ಕೆಜೋಳದ ಕಾಳು, ಅಣಬೆ, ಸಿಪ್ಪೆ ಇರುವ ಹಣ್ಣು ಅಲ್ಲಿ ಸಿಕ್ಕಿಕೊಳ್ಳಬಹುದು. ಸೌತೆಕಾಯಿ ಅದೇ, ನಾನೂ ಅವಳೇ. ಒಳಗಿನ ದಾರಿ ಮಾತ್ರ ಬೇರೆಯಾಗಿತ್ತು. ಹೋದ ಸಲ ತಿಂದದ್ದೂ ನಿಜ, ಈ ಸಲ ಬೇಡ ಅಂದದ್ದೂ ನಿಜ.

ಕಿರಿದಾಗಿರುವುದು ನನ್ನ ಕರುಳು, ಎಲ್ಲರದ್ದೂ ಅಲ್ಲ. ನನ್ನ ಜೊತೆ ಚಿಕಿತ್ಸೆ ತೆಗೆದುಕೊಳ್ಳುವ ಗೆಳತಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ಆರಾಮಿದ್ದಾಗ ಅವಳು ಮೆಕ್ಕೆಜೋಳ ತಿನ್ನುತ್ತಾಳೆ, ಅಣಬೆ ತಿನ್ನುತ್ತಾಳೆ. ಒಂದು ಲೋಟ ಹಾಲು ಕುಡಿದರೆ ಮಾತ್ರ ಅರ್ಧ ದಿನ ಹೊಟ್ಟೆ ಗುಡುಗುಡು. ಅವಳಿಗೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಜೀರ್ಣ ಆಗುವುದಿಲ್ಲ, ನನಗೆ ಆಗುತ್ತದೆ. ಇಬ್ಬರಿಗೂ ಸೇರಿ ಒಂದು ಪಟ್ಟಿ ಮಾಡಿ ಅಂದರೆ ಯಾರು ತಾನೆ ಮಾಡುತ್ತಾರೆ?

ಪಟ್ಟಿ ಇಲ್ಲ ಅಂತ ಇಷ್ಟು ಜೋರಾಗಿ ಹೇಳೋಕೆ ಕಾರಣ ಇದೆ. ನನ್ನ ಹತ್ತಿರವೂ ಒಂದು ಕಾಲದಲ್ಲಿ ಪಟ್ಟಿ ಇತ್ತು.

ಕಾಯಿಲೆ ಗೊತ್ತಾದ ಎರಡನೇ ವರ್ಷ. ಒಂದು ದಿನ ಟೊಮೆಟೊ ತಿಂದೆ, ಹೊಟ್ಟೆ ನೋವು ಬಂತು. ಟೊಮೆಟೊ ಬಿಟ್ಟೆ. ಇನ್ನೊಂದು ದಿನ ಬೇಳೆ ತಿಂದೆ, ಹೊಟ್ಟೆ ಉಬ್ಬಿತು. ಬೇಳೆ ಬಿಟ್ಟೆ. ಯಾರೋ ಗೋಧಿ ವಿಷ ಅಂದರು, ಅದನ್ನೂ ಬಿಟ್ಟೆ. ಬಿಡೋದು ತುಂಬ ಸುಲಭ. ಒಂದು ಕೆಟ್ಟ ಸಂಜೆ ಸಾಕು. ಬಿಟ್ಟಾಗಲೆಲ್ಲ ಏನೋ ಮಾಡಿದೆ, ಕಾಯಿಲೆ ನನ್ನ ಹಿಡಿತಕ್ಕೆ ಬಂತು ಅನ್ನಿಸುತ್ತದೆ. ಹೀಗೆ ಬಿಡುತ್ತಾ ಬಿಡುತ್ತಾ ನನಗೆ ಉಳಿದದ್ದು ನಾಲ್ಕು: ಅನ್ನ, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಮೊಟ್ಟೆ. ಎಂಟು ತಿಂಗಳು ಇಷ್ಟೇ. ನೋಡಿದವರು ‘ಎಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡ್ತೀಯ’ ಅಂತ ಮೆಚ್ಚಿಕೊಂಡರು. ನಾನು ಐವತ್ತು ಕೆಜಿಗೆ ಇಳಿದಿದ್ದೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು.

ಆಹಾರ ತಜ್ಞೆಯೊಬ್ಬರ ಹತ್ತಿರ ಹೋದೆ. ಅವರು ನನ್ನ ಒಂದು ದಿನದ ಊಟವನ್ನು ಕಾಗದದ ಮೇಲೆ ಬರೆಸಿದರು. ಪ್ರತಿಯೊಂದರ ಮುಂದೆ ಪ್ರೊಟೀನ್ ಎಷ್ಟು ಗ್ರಾಂ ಅಂತ ಬರೆಯುತ್ತಾ ಹೋದರು. ಎರಡು ಮೊಟ್ಟೆಗೆ ಹನ್ನೆರಡು. ಎಲ್ಲಾ ಕೂಡಿಸಿದರೂ ಮೂವತ್ತರ ಹತ್ತಿರ ಬಂತು. ಕಾಯಿಲೆ ಕೆರಳಿದಾಗ ದೊಡ್ಡವರಿಗೆ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು. ನನ್ನ ತೂಕಕ್ಕೆ 60ರಿಂದ 75 ಗ್ರಾಂ. ನಾನು ಅರ್ಧ ತಿಂದು, ಕರುಳು ಯಾಕೆ ಮಾಗುತ್ತಿಲ್ಲ ಅಂತ ಕೇಳುತ್ತಿದ್ದೆ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣ ಕಡಿಮೆ, ವಿಟಮಿನ್ ಡಿ ಕಡಿಮೆ. ಬಿ12 ಅಂತೂ ಹೀರಿಕೊಳ್ಳುವ ಜಾಗವೇ ನನ್ನಲ್ಲಿ ಕೆಟ್ಟಿರೋದು, ಅದಕ್ಕೆ ಇಂಜೆಕ್ಷನ್ ಬೇಕಾಯಿತು.

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ‘ಯಾವುದನ್ನು ಮೊದಲು ವಾಪಸ್ ತರೋಣ?’

ಏಳು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳಿದವರು ಅವರೊಬ್ಬರೇ. ನೀವೂ ಕೇಳುವುದಾದರೆ ಇದನ್ನು ಕೇಳಿ. ಏನು ಬಿಟ್ಟೆ ಅನ್ನೋದಕ್ಕೆ ಒಂದು ಸಾಲಿನ ಉತ್ತರ ಸಾಕು. ಏನನ್ನು ವಾಪಸ್ ತಂದೆ ಅಂತ ಕೇಳಿದರೆ ನಾನು ಸಂಜೆವರೆಗೂ ಹೇಳುತ್ತೇನೆ.

ಮೊದಲು ತಂದದ್ದು ಕ್ಯಾರೆಟ್. ಸಿಪ್ಪೆ ಪೂರ್ತಿ ಹೆರೆದೆ. ಬೆರಳಿನ ಉಗುರಿನಷ್ಟು ಸಣ್ಣ ಚೂರು ಮಾಡಿದೆ. ಚಾಕುವಿನ ತುದಿ ಇಟ್ಟರೆ, ಒತ್ತದೇ ತಾನಾಗಿ ಒಳಗೆ ಇಳಿಯುವಷ್ಟು ಬೇಯಿಸಿದೆ. ಮೊದಲ ದಿನ ಎರಡು ಚಮಚ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಎಷ್ಟು ತಿಂದೆ, ಸಂಜೆ ಹೇಗಿತ್ತು, ರಾತ್ರಿ ಎಷ್ಟು ಸಲ ಎದ್ದೆ ಅಂತ ಬರೆದೆ. ಮೂರು ದಿನ ಅದೇ ಎರಡು ಚಮಚ, ಬೇರೆ ಹೊಸದು ಏನೂ ಇಲ್ಲ. ನಾಲ್ಕನೇ ದಿನ ನಾಲ್ಕು ಚಮಚ. ಒಂದೇ ಸಲಕ್ಕೆ ಎರಡು ಹೊಸ ಪದಾರ್ಥ ತಂದರೆ ಯಾವುದು ಕೈಕೊಟ್ಟಿತು ಅಂತ ಗೊತ್ತಾಗುವುದಿಲ್ಲ. ಎಂಟು ತಿಂಗಳ ಮೇಲೆ ತಟ್ಟೆಯಲ್ಲಿ ಒಂದು ಬಣ್ಣ ನೋಡಿ ನನಗೆ ಅಳು ಬಂತು.

ಟೊಮೆಟೊ ಬರೋಕೆ ಎರಡು ವಾರ ಹಿಡಿಯಿತು. ಕುದಿಯುವ ನೀರಲ್ಲಿ ಅರ್ಧ ನಿಮಿಷ ಬಿಟ್ಟು ತೆಗೆದರೆ ಸಿಪ್ಪೆ ಬಟ್ಟೆ ಕಳಚಿದ ಹಾಗೆ ಬರುತ್ತದೆ. ಜರಡಿಯಲ್ಲಿ ಉಜ್ಜಿ ಬೀಜ ತೆಗೆದೆ. ಉಳಿದದ್ದು ಏನೂ ತೊಂದರೆ ಕೊಡಲಿಲ್ಲ. ನಾನು ಟೊಮೆಟೊ ಬಿಡಬೇಕಾಗಿರಲೇ ಇಲ್ಲ, ಸಿಪ್ಪೆ ಬಿಟ್ಟಿದ್ದರೆ ಸಾಕಿತ್ತು. ಬೇಳೆಯೂ ಹಾಗೆಯೇ. ನುಣ್ಣಗೆ ಬೇಯಿಸಿ ಸೋಸಿ, ಅರ್ಧ ಬಟ್ಟಲಿಂದ ಶುರು ಮಾಡಿದೆ. ಸೇಬು ಸಿಪ್ಪೆ ತೆಗೆದು ಬೇಯಿಸಿದ ಮೇಲೆ ಬಂತು. ಕಡಲೆಬೀಜ ಇಡಿಯಾಗಿ ಇವತ್ತಿಗೂ ಇಲ್ಲ, ನುಣ್ಣಗೆ ಅರೆದರೆ ಇದೆ. ಗೋಧಿ ಸುಮ್ನೆ ಬಿಟ್ಟಿದ್ದೆ, ಮೊದಲ ದಿನವೇ ಒಗ್ಗಿತು.

ಎಲ್ಲವೂ ವಾಪಸ್ ಬರಲಿಲ್ಲ. ಎಲೆಕೋಸನ್ನು ಮೂರು ಸಲ ಪ್ರಯತ್ನಿಸಿದೆ, ಮೂರು ಸಲವೂ ಸೋತೆ. ಮೆಕ್ಕೆಜೋಳದ ಹತ್ತಿರ ಹೋಗುವುದಿಲ್ಲ, ವೈದ್ಯರೇ ಬೇಡ ಅಂದಿದ್ದಾರೆ. ದಾರಿ ಕಿರಿದಾಗಿರುವವರು ನನ್ನ ಹಾಗೆ ಪ್ರಯೋಗ ಮಾಡುವ ಮುಂಚೆ ಕೇಳಲೇಬೇಕು. ವಾಂತಿ ಬಂದು, ಹೊಟ್ಟೆ ಬಿಗಿದು, ಮಲ ಮತ್ತು ಗಾಳಿ ಎರಡೂ ನಿಂತರೆ ನೋಟ್‌ಬುಕ್ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈ ಎಲ್ಲದರ ನಡುವೆ ಒಂದು ಸಂಜೆ ತುಂಬ ನೋವಾಯಿತು. ಬೇಳೆ ತಿಂದು ಕರುಳು ಮತ್ತೆ ಹಾಳು ಮಾಡಿಕೊಂಡೆ ಅಂತ ಹೆದರಿದೆ. ವೈದ್ಯರು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿದರು. ಕರುಳಲ್ಲಿ ಉರಿಯೂತ ಇದ್ದರೆ ಅದರ ಮಟ್ಟ ಏರುತ್ತದೆ. ಒಂದು ಗ್ರಾಂಗೆ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ನೆಮ್ಮದಿ. ನನ್ನದು ಕಡಿಮೆಯೇ ಇತ್ತು. ನೋವು ನಿಜ, ಉರಿಯೂತ ಇರಲಿಲ್ಲ. ಆ ಕಾಗದ ನನ್ನ ಎಷ್ಟೋ ಭಯ ಕಳೆಯಿತು. ಉಲ್ಟಾ ಕೂಡ ಆಗುತ್ತದೆ. ಹೊಟ್ಟೆ ಹಾಯಾಗಿದ್ದರೂ ಒಳಗೆ ಉರಿಯುತ್ತಿರಬಹುದು. ಅದಕ್ಕೇ ‘ಊಟ ಸರಿ ಮಾಡ್ಕೊಂಡಿದ್ದೀಯಲ್ಲ, ಇನ್ನು ಮಾತ್ರೆ ಯಾಕೆ’ ಅನ್ನುವವರಿಗೆ ನನ್ನ ಉತ್ತರ ಒಂದೇ: ಮಾತ್ರೆ ಬಿಡುವುದಿಲ್ಲ.

ಊಟದಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಕ್ರೋನ್ಸ್ ಬಂದ ಮಕ್ಕಳಿಗೆ ಬೇರೆ ಎಲ್ಲಾ ಊಟ ನಿಲ್ಲಿಸಿ, ಆರರಿಂದ ಎಂಟು ವಾರ ಬರೀ ಪೌಷ್ಟಿಕ ದ್ರವ ಆಹಾರ ಕೊಟ್ಟು ಕಾಯಿಲೆಯನ್ನು ತಣ್ಣಗೆ ಮಾಡುವ ಚಿಕಿತ್ಸೆ ಇದೆ. ವೈದ್ಯರ ಕಣ್ಣೆದುರು ನಡೆಯುವ ಚಿಕಿತ್ಸೆ ಅದು. ಪೊಟ್ಟಣದ ತಿಂಡಿಗಳನ್ನು ನಾನೇ ಕಡಿಮೆ ಮಾಡಿದ್ದೇನೆ. ಎಣ್ಣೆ ನೀರು ಬೇರೆಯಾಗದಂತೆ ಹಿಡಿದಿಡಲು ಹಾಕುವ ಎರಡು ರಾಸಾಯನಿಕಗಳ ಸಂಖ್ಯೆ, 433 ಅಥವಾ 466, ಪೊಟ್ಟಣದ ಮೇಲೆ ಇದ್ದರೆ ವಾಪಸ್ ಇಡುತ್ತೇನೆ. 2015ರಲ್ಲಿ ಇಲಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಇವು ಕರುಳಿನ ಉರಿಯೂತಕ್ಕೆ ದಾರಿ ಮಾಡಿಕೊಟ್ಟವು. 2020ರಲ್ಲಿ ಐಬಿಡಿ ತಜ್ಞರ ಅಂತರರಾಷ್ಟ್ರೀಯ ಗುಂಪೂ ಇವನ್ನು ಮಿತಿಯಲ್ಲಿಡಿ ಅಂದಿತು. ಅದೇ ಗುಂಪು, ದಾರಿ ಕಿರಿದಾಗಿಲ್ಲದ ಕ್ರೋನ್ಸ್‌ನವರು ಹಣ್ಣು ತರಕಾರಿ ಜಾಸ್ತಿ ತಿನ್ನಲಿ ಅಂತಲೂ ಹೇಳಿದೆ. ಹಣ್ಣು ತರಕಾರಿಯನ್ನೇ ಶತ್ರು ಅಂದುಕೊಂಡು ಎಂಟು ತಿಂಗಳು ಕಳೆದವಳು ನಾನು.

ಇನ್ನೊಂದು ವಿಷಯ ನನ್ನನ್ನು ತುಂಬ ಹಗುರ ಮಾಡಿತು. ಅಮೆರಿಕದಲ್ಲಿ ಕ್ರೋನ್ಸ್ ಇರುವ 194 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಧಾನ್ಯವನ್ನೆಲ್ಲ ಬಿಡಿಸುವ ಬಲು ಕಟ್ಟುನಿಟ್ಟಿನ ಊಟ. ಇನ್ನೊಂದಕ್ಕೆ ಮೆಡಿಟರೇನಿಯನ್ ಊಟ, ಅಂದರೆ ಹಣ್ಣು, ತರಕಾರಿ, ಧಾನ್ಯ, ಮೀನು, ಆಲಿವ್ ಎಣ್ಣೆ. ಫಲಿತಾಂಶ 2021ರಲ್ಲಿ ಬಂತು. ಆರು ವಾರದ ಮೇಲೆ ಕಾಯಿಲೆಯ ಲಕ್ಷಣ ತಣ್ಣಗಾಗಿದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 46.5, ಎರಡನೆಯದರಲ್ಲಿ 43.5. ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಜಾಸ್ತಿ ಬಿಟ್ಟವರು ಜಾಸ್ತಿ ಗೆಲ್ಲಲಿಲ್ಲ.

ಪಥ್ಯ ಅನ್ನೋ ಮಾತಿಗೆ ಮೂಲದಲ್ಲಿ ಮೈಗೆ ಹಿತವಾದದ್ದು, ಒಗ್ಗುವಂಥದ್ದು ಅಂತ ಅರ್ಥ. ನಾವು ಅದನ್ನು ಬಿಡೋದು ಅಂತ ಮಾಡಿಕೊಂಡಿದ್ದೇವೆ. ಹಳೆಯ ಅರ್ಥದಲ್ಲಿ ಕೇಳುವುದಾದರೆ ನನ್ನ ಪಥ್ಯ ದೊಡ್ಡದಿದೆ. ಮೊನ್ನೆ ನೋಟ್‌ಬುಕ್ ತೆಗೆದು ಎಣಿಸಿದೆ. ನಾಲ್ಕರಿಂದ ಶುರುವಾದದ್ದು ನಲವತ್ತೊಂದಕ್ಕೆ ಬಂದಿದೆ.

ನಲವತ್ತೆರಡನೆಯದು ಕಿತ್ತಳೆ. ವೈದ್ಯರನ್ನು ಕೇಳಿಯಾಗಿದೆ. ತೊಳೆಯ ಮೇಲಿನ ಬಿಳಿ ನಾರು ಎಳೆದು, ತೆಳು ಪೊರೆಯನ್ನು ಉಗುರಿನಿಂದ ಸೀಳಿ, ಒಳಗಿನ ರಸದ ಎಸಳು ಮಾತ್ರ ಬಿಡಿಸಿಕೊಳ್ಳಬೇಕು. ಒಂದು ತೊಳೆಗೆ ಎರಡು ನಿಮಿಷ ಹಿಡಿಯುತ್ತದೆ. ಈ ಭಾನುವಾರ ಎರಡು ತೊಳೆ.