ಅಪ್ಪನ ಕೆಲಸದ ವಿವರ ಬರೆದ ಮಧ್ಯಾಹ್ನ

ಸ್ಕ್ಯಾನ್ ನೋಡಿದ ಎದೆರೋಗದ ಡಾಕ್ಟರ್ "ಯಜಮಾನ್ರೇ, ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. ಅಪ್ಪ "ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್" ಅಂದರು. ಆಸ್ಬೆಸ್ಟಾಸ್ ಮುಟ್ಟಿದ್ದೀರಾ ಅಂದಾಗ ಇಲ್ಲ ಎಂದು ತಲೆಯಾಡಿಸಿದರು. ಅವರ ಲೆಕ್ಕದಲ್ಲಿ ಆಸ್ಬೆಸ್ಟಾಸ್ ಅಂದ್ರೆ ಮನೆಗೆ ಹೊದಿಸುವ ಶೀಟು, ಅಷ್ಟೇ. ಡಾಕ್ಟರ್ ಒಪ್ಪಲಿಲ್ಲ. ಶ್ವಾಸಕೋಶದ ಗಾಯ ನೋಡಿದರೆ ಆಸ್ಬೆಸ್ಟಾಸ್ ಧೂಳಿನಿಂದ ಬರುವ ಆಸ್ಬೆಸ್ಟೋಸಿಸ್ ಕಾಯಿಲೆ ಇರಬಹುದು, ಯಾವ ವಿಭಾಗದಲ್ಲಿ ಏನೇನು ಮಾಡಿದಿರಿ ಅಂತ ಪೂರ್ತಿ ಬರೆದು ತನ್ನಿ ಅಂದರು.

ಮಧ್ಯಾಹ್ನ ಅಪ್ಪನ ಜೊತೆ ದುಡಿದ ಮಾವ ಒಬ್ಬರನ್ನು ಮನೆಗೆ ಕರೆಸಿದೆ. ನಾನು ನೋಟ್‌ಬುಕ್ ಹಿಡಿದು ಕೂತೆ.

"ಕೋಕ್ ಓವನ್ ಬಾಗಿಲ ಸಂದಿಗೆ ಬಿಳಿ ಹಗ್ಗ ತುರುಕ್ತಿದ್ವಲ್ಲ, ಅದೇನು ಅಂದ್ಕೊಂಡೆ?" ಅಂದರು ಮಾವ. ಕಲ್ಲಿದ್ದಲನ್ನು ಕೋಕ್ ಮಾಡುವ ಆ ಒಲೆಗಳ ಹಗ್ಗ ಆಸ್ಬೆಸ್ಟಾಸಿನದು. ಅಲ್ಲಿಂದ ಆಸ್ಬೆಸ್ಟಾಸ್ ಮುಟ್ಟಿದ ಕೆಲಸಗಳೆಲ್ಲ ಒಂದೊಂದೇ ಹೊರಬಂದವು. ಉಗಿ ಪೈಪಿನ ಹೊದಿಕೆಯನ್ನು ಉಳಿಯಿಂದ ಕಿತ್ತು ಹಾಕುತ್ತಿದ್ದದ್ದು. ಕ್ರೇನಿನ ಬ್ರೇಕ್ ಲೈನಿಂಗ್ ಧೂಳನ್ನು ಗಾಳಿ ಪೈಪಿನಿಂದ ಊದುತ್ತಿದ್ದದ್ದು. ಕುಲುಮೆ ಮುಂದೆ ಹಾಕಿಕೊಳ್ಳುತ್ತಿದ್ದ ದಪ್ಪ ಕೈಗವಸು. ಅದು ಸವೆದು ನಾರು ಎದ್ದಿರುತ್ತಿತ್ತಂತೆ, ಪಟಪಟ ಬಡಿದು ಮತ್ತೆ ತೊಡುತ್ತಿದ್ದರಂತೆ. ಕೈ ಸುಡದಿರಲಿ ಅಂತ ಕೊಟ್ಟದ್ದೇ ಉಸಿರಿಗೆ ಕುತ್ತಾಗಿತ್ತು. ಬರೆಯುತ್ತಾ ನನ್ನ ಹೊಟ್ಟೆ ಉರಿಯಿತು. ಇದು ಅಪಾಯ ಅಂತ ಆಗಲೇ ಗೊತ್ತಿದ್ದವರಿದ್ದರು, ಗೊತ್ತಿಲ್ಲದವರು ಇವರು ಮಾತ್ರ.

ಪರಿಹಾರದ ಮಾತೆತ್ತಿದರೆ ಅಪ್ಪ ಕೈ ಅಡ್ಡ ಹಿಡಿದರು. "ಅನ್ನ ಕೊಟ್ಟ ಕಂಪನಿ ಮೇಲೆ ಕೇಸಾ?"

"ದುಡಿದಿದ್ದಕ್ಕೆ ಕೊಟ್ರು, ಸುಮ್ನೆ ಕೊಟ್ರೇನೋ?" ಅಂದರು ಮಾವ.

ನಿವೃತ್ತಿಯಾಗಿ ಇಷ್ಟು ವರ್ಷವಾದ ಮೇಲೆ ಯಾರು ಕೇಳ್ತಾರೆ ಅನ್ನೋದು ಅಪ್ಪನ ಇನ್ನೊಂದು ಅನುಮಾನ. ಆದರೆ ಈ ಕಾಯಿಲೆಗಳ ಸ್ವಭಾವವೇ ಹಾಗೆ. ಧೂಳು ಕುಡಿದ ಎಷ್ಟೋ ವರ್ಷಗಳ ನಂತರ ಕಾಣಿಸಿಕೊಳ್ಳುತ್ತವೆ. ಮೆಸೋಥೀಲಿಯೋಮಾ ಎಂಬ ಕ್ಯಾನ್ಸರಿಗಂತೂ 20ರಿಂದ 50 ವರ್ಷ ಹಿಡಿಯಬಹುದು. ಅದಕ್ಕೇ ಅನೇಕ ದೇಶಗಳ ಕಾನೂನು ಪರಿಹಾರ ಕೇಳಲು ಇರುವ ಅವಧಿಯನ್ನು ಲೆಕ್ಕ ಹಾಕುವುದು ಕಾಯಿಲೆ ಪತ್ತೆಯಾದ ದಿನದಿಂದ. ಪತ್ತೆಯಾದ ಮೇಲೆ ತಡ ಮಾಡಿದರೆ ಮಾತ್ರ ಕಷ್ಟ. ಸಂಜೆ ಫೋನಿನಲ್ಲಿ ಸಿಕ್ಕ ಕಾರ್ಮಿಕ ವಕೀಲರೂ ಇದನ್ನೇ ಒತ್ತಿ ಹೇಳಿದರು. ಕಾರ್ಖಾನೆಯಲ್ಲಿ ದಾಖಲೆ ಸಿಗದಿದ್ದರೆ ಜೊತೆಗಾರರ ಲಿಖಿತ ಹೇಳಿಕೆ ತುಂಬಾ ಮುಖ್ಯವಾಗುತ್ತದಂತೆ. ಅವರೂ ವಯಸ್ಸಾದವರು, ಬೇಗ ಬರೆಸಿಕೊಳ್ಳಿ ಅಂದರು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1986ರಲ್ಲೇ ಆಸ್ಬೆಸ್ಟಾಸ್ ಬಗ್ಗೆ 162ನೇ ಒಡಂಬಡಿಕೆ ಮಾಡಿದೆ. ಆರೋಗ್ಯ ತಪಾಸಣೆಗೆ ಕಾರ್ಮಿಕನ ಕೈಯಿಂದ ದುಡ್ಡು ಹೋಗಬಾರದು, ಫಲಿತಾಂಶ ಅವನಿಗೆ ತಿಳಿಸಬೇಕು ಅನ್ನುತ್ತದೆ ಅದು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯುವಂತೆಯೇ ಇಲ್ಲ.

ಆ ಸಾಲು ಓದಿ ಹೇಳಿದಾಗ ಅಪ್ಪ ಅಮ್ಮನ ಕಡೆ ತಿರುಗಿದರು. ಅವರ ಬಟ್ಟೆ ಕೊಡವಿ ಒಗೆದವಳು ಅವಳೇ ಅಲ್ವಾ. "ಇವಳದ್ದೂ ಎಕ್ಸ್‌ರೇ ಮಾಡಿಸು" ಅಂದರು. ಆಮೇಲೆ ನೋಟ್‌ಬುಕ್ ಕೇಳಿ ಪಡೆದು, ಪ್ರತಿ ಪುಟದ ಕೆಳಗೂ ಸಹಿ ಹಾಕಿ ಮಾವನ ಕೈಗೆ ಪೆನ್ನು ಕೊಟ್ಟರು.