ಶೇಂಗಾ ಕೀಳೋರು ಎಲ್ಲೋ?

ಅಪ್ಪ ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾಗೆ ಬಂದು ಮೂರು ವಾರ ಆಗಿತ್ತು. ಅಕ್ವೇರಿಯಂ ತೋರಿಸಿದ್ದೆ, ಕೋಕಾ-ಕೋಲಾ ಮ್ಯೂಸಿಯಂ ತೋರಿಸಿದ್ದೆ, ಎಲ್ಲದಕ್ಕೂ "ಚೆನ್ನಾಗೈತೆ" ಅಂತ ಒಂದೇ ಮಾತು. ಚಳ್ಳಕೆರೆ ಕಡೆ ಹನ್ನೆರಡು ಎಕರೆ ಶೇಂಗಾ ಹಾಕುವ ಮನುಷ್ಯ, ಗಾಜಿನ ಒಳಗಿನ ಮೀನು ಎಷ್ಟು ಹೊತ್ತು ಅಂತ ನೋಡಿಯಾರು? ಅದಕ್ಕೇ 2024ರ ಅಕ್ಟೋಬರ್‌ನಲ್ಲಿ ಒಂದು ಶನಿವಾರ ಬೆಳಿಗ್ಗೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ದಕ್ಷಿಣಕ್ಕೆ ಹೊರಟೆ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಊರಿರುವ ಸಮ್ಟರ್ ಕೌಂಟಿಗೆ. ಕೌಂಟಿ ಅಂದರೆ ನಮ್ಮ ತಾಲ್ಲೂಕು ಅಂದುಕೊಳ್ಳಿ. ಜನ 30 ಸಾವಿರದೊಳಗೆ.

ಎರಡೂವರೆ ಗಂಟೆ ದಾರಿ. 75ನೇ ಹೆದ್ದಾರಿಯಲ್ಲಿ ಕಾರ್ಡೀಲ್‌ವರೆಗೆ ಹೋಗಿ ಪಶ್ಚಿಮಕ್ಕೆ ತಿರುಗಿದರೆ ಬ್ಲ್ಯಾಕ್‌ಶಿಯರ್ ಅನ್ನೋ ದೊಡ್ಡ ಕೆರೆ ಸಿಗುತ್ತದೆ. ಫ್ಲಿಂಟ್ ನದಿಗೆ ಅಡ್ಡ ಕಟ್ಟಿ 1930ರಲ್ಲಿ ಮಾಡಿದ್ದು. ಅದನ್ನು ದಾಟಿದರೆ ಸಮ್ಟರ್. ಸ್ವಲ್ಪ ದೂರ ಹೋಗುತ್ತಿದ್ದ ಹಾಗೆ ಅಪ್ಪ ಕಿಟಕಿ ಇಳಿಸಿ, "ಲೇ, ನಿಲ್ಸು ನಿಲ್ಸು" ಅಂದರು. ಕೆಂಪು ಮಣ್ಣು, ನಮ್ಮೂರಿನ ಕೆಂಪೇ. ಆ ಮಣ್ಣಿನ ಮೇಲೆ ಕಣ್ಣು ಹೋಗುವಷ್ಟು ದೂರ ಶೇಂಗಾ ಗಿಡ, ಅಷ್ಟೂ ತಲೆಕೆಳಗು. ಬೇರು, ಕಾಯಿ ಮೇಲೆ, ಸೊಪ್ಪು ಕೆಳಗೆ.

ಇಲ್ಲಿ ಟ್ರ್ಯಾಕ್ಟರ್ ಹಿಂದೆ ಒಂದು ಯಂತ್ರ ಕಟ್ಟುತ್ತಾರೆ. ಅದು ನಮ್ಮ ಕುಂಟೆ ಹಾಗೆ ನೆಲದೊಳಗೆ ಹೋಗಿ ಬೇರು ಕತ್ತರಿಸಿ, ಗಿಡ ಎತ್ತಿ, ಮಣ್ಣು ಕೊಡವಿ, ಮಗುಚಿ ಸಾಲಾಗಿ ಮಲಗಿಸುತ್ತದೆ. ಎರಡು ಮೂರು ದಿನ ಬಿಸಿಲಿಗೆ ಒಣಗಿದ ಮೇಲೆ ಇನ್ನೊಂದು ಯಂತ್ರ ಬಂದು ಕಾಯಿ ಬಿಡಿಸಿಕೊಂಡು ಹೋಗುತ್ತದೆ. ಅಪ್ಪ ಒಂದು ಗಿಡ ಎತ್ತಿ ಕಾಯಿ ಎಣಿಸಿದರು, ಒಂದು ಒಡೆದು ಬಾಯಿಗೆ ಹಾಕಿಕೊಂಡರು. ಆಮೇಲೆ ಹೊಲದ ಉದ್ದಕ್ಕೂ ನೋಡಿ, "ಕೀಳೋರು ಎಲ್ಲೋ? ಒಬ್ಬ ಆಳೂ ಇಲ್ವಲ್ಲ" ಅಂದರು.

ದೂರದಲ್ಲಿ ಒಂದು ಪಿಕಪ್ ನಿಂತಿತ್ತು. ಟೋಪಿ ಹಾಕಿದ ಬಿಳಿಯ ಮುದುಕರೊಬ್ಬರು ಇಳಿದು ಬಂದರು. ಬೈತಾರೇನೋ ಅಂತ ನನಗೆ ಪುಕಪುಕ. ಅಪ್ಪನ ಕೈಯಲ್ಲಿ ಗಿಡ ಬೇರೆ! ನಮ್ಮಪ್ಪನೂ ಶೇಂಗಾ ರೈತ ಅಂದಿದ್ದೇ ತಡ, ಇಬ್ಬರೂ ಅರ್ಧ ಗಂಟೆ ಬಿಡಲಿಲ್ಲ. ನಾನು ಮಧ್ಯದಲ್ಲಿ ದುಭಾಷಿ. ಎಕರೆಗೆ ಎಷ್ಟು? ಎರಡು ಟನ್. ಇಲ್ಲಿನ ಟನ್ ನಮ್ಮದಕ್ಕಿಂತ ಚಿಕ್ಕದು, ಅಂದರೆ ನಮ್ಮ ಲೆಕ್ಕದಲ್ಲಿ 18 ಕ್ವಿಂಟಲ್. ಮಳೆ ಸರಿಯಾಗಿ ಆದ ವರ್ಷ ನಮ್ಮದು ನಾಲ್ಕು. ಆದರೆ ಇಲ್ಲಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್ ಮಳೆ, ಅದರ ಮೇಲೆ ನೀರಾವರಿ. ರೇಟು? ಟನ್ನಿಗೆ 500 ಡಾಲರ್ ಆಸುಪಾಸು. ಫೋನಿನಲ್ಲಿ ಲೆಕ್ಕ ಹಾಕಿದರೆ ಕ್ವಿಂಟಲ್‌ಗೆ 4,600 ರೂಪಾಯಿ ಚಿಲ್ಲರೆ ಬಂತು. ಆ ವರ್ಷ ನಮ್ಮ ಬೆಂಬಲ ಬೆಲೆ 6,783. ಅಪ್ಪ ನಂಬಲಿಲ್ಲ, ಎರಡು ಸಲ ಲೆಕ್ಕ ಮಾಡಿಸಿದರು.

ಅಲ್ಲಿಂದ ಕಾರ್ಟರ್ ಊರು ಪ್ಲೇನ್ಸ್‌ಗೆ. ಆರುನೂರು ಜನವೂ ಇಲ್ಲದ ಊರು, ಒಂದೇ ಸಾಲು ಅಂಗಡಿ. 1976ರ ಚುನಾವಣೆಗೆ ಕಾರ್ಟರ್ ಹಳೇ ರೈಲ್ವೆ ಸ್ಟೇಷನ್ನನ್ನೇ ಆಫೀಸು ಮಾಡಿಕೊಂಡಿದ್ದರು. ಅವರಿಗೆ ಆಗಷ್ಟೇ 100 ವರ್ಷ ತುಂಬಿತ್ತು, ಅದೇ ಊರಿನ ಮನೆಯಲ್ಲೇ ಇದ್ದರು. ಡಿಸೆಂಬರ್ 29ಕ್ಕೆ ತೀರಿಕೊಂಡರು. ನಗುವ ಶೇಂಗಾ ಕಾಯಿಯ 13 ಅಡಿ ಬೊಂಬೆ ಪಕ್ಕ ಅಪ್ಪನ ಫೋಟೊ ತೆಗೆದೆ. ಕಾಯಿ ನಗುತ್ತಿದೆ, ಅಪ್ಪ ನಗುತ್ತಿಲ್ಲ.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪಕ್ಕದ ಆರ್ಚರಿ ಅನ್ನೋ ಹಳ್ಳಿಯಲ್ಲಿ, ಕಾರ್ಟರ್ ಬೆಳೆದ ತೋಟದ ಮನೆಯಲ್ಲಿ. 1938ರವರೆಗೆ ಕರೆಂಟು ಇರಲಿಲ್ಲ ಅಂತೆ. ಅಂಗಳದಲ್ಲಿ ಗಾಳಿಯಂತ್ರ, ಕಮ್ಮಾರಸಾಲೆ, ಕಾರ್ಟರ್ ಅಪ್ಪನ ಅಂಗಡಿ. ಅಂಗಡಿಯ ಆಚೆ ಜಾಕ್ ಕ್ಲಾರ್ಕ್, ರೇಚಲ್ ಕ್ಲಾರ್ಕ್ ಅನ್ನೋ ಕಪ್ಪು ಜನರ ಪುಟ್ಟ ಮರದ ಮನೆ. ಕೀಳೋರು ಇದ್ದದ್ದು ಇಂಥ ಮನೆಗಳಲ್ಲಿ. ಅಲ್ಲೇ ಮೆಟ್ಟಿಲ ಮೇಲೆ ಕೂತು ನನಗೆ ಗೊತ್ತಿದ್ದಷ್ಟು ಹೇಳಿದೆ. ಈ ನೆಲ ಮೊದಲು ಮಸ್ಕೋಗಿ ಅನ್ನೋ ಮೂಲನಿವಾಸಿ ಜನರದ್ದು. ಅವರನ್ನು ಒಪ್ಪಂದದ ಹೆಸರಲ್ಲಿ ಎಬ್ಬಿಸಿ, 1827ರಲ್ಲಿ ಸರ್ಕಾರ ಲಾಟರಿ ಎತ್ತಿ ಬಿಳಿಯರಿಗೆ 202 ಎಕರೆ ಚಿಲ್ಲರೆಯಂತೆ ತುಂಡು ಹಂಚಿತು. 1831ಕ್ಕೆ ಕೌಂಟಿ ಆಯಿತು. ಆಮೇಲೆ ಹತ್ತಿ, ಹತ್ತಿ ಬಿಡಿಸಲು ಗುಲಾಮರು. ಗುಲಾಮಗಿರಿ ಹೋದ ಮೇಲೆ ಅದೇ ಹೊಲ, ಅದೇ ಜನ, ಪಾಲಿಗೆ ಮಾಡುವವರು ಅಂತ ಹೊಸ ಹೆಸರು. ಬೀಜಕ್ಕೆ, ಹಿಟ್ಟಿಗೆ ಒಡೆಯನ ಅಂಗಡಿಯಲ್ಲೇ ಸಾಲ, ಸುಗ್ಗಿಯಲ್ಲಿ ಚುಕ್ತಾ. 1915ರ ಸುಮಾರಿಗೆ ಕಾಯಿ ಕೊರೆಯುವ ಮೂತಿಹುಳು ಜಾರ್ಜಿಯಾಗೆ ಬಂದು ಹತ್ತಿ ಹಾಳು ಮಾಡಿತು, ಬಹಳ ರೈತರು ಶೇಂಗಾ ಹಿಡಿದರು. ಈಗ ಅಮೆರಿಕದ ಶೇಂಗಾದಲ್ಲಿ ಅರ್ಧದಷ್ಟು ಈ ಒಂದೇ ರಾಜ್ಯದ್ದು. ಯಂತ್ರ ಬಂತು, ಆಳುಗಳು ಪಟ್ಟಣ ಸೇರಿದರು.

"ಪಾಲಿಗೆ ಮಾಡಾದು ಅಂದ್ರೆ ನಮ್ಮಪ್ಪ ಮಾಡಿದ್ದೇ ತಾನೆ" ಅಂದರು ಅಪ್ಪ. ಗುಲಾಮಗಿರಿಯ ಬೆನ್ನಿಗೆ ಬಂದ ಪಾಲಿಗೂ ತಾತನ ಪಾಲಿಗೂ ವ್ಯತ್ಯಾಸ ಇದೆ ಅಂತ ವಾದ ಮಾಡಬಹುದಿತ್ತು. ಸುಮ್ನಿದ್ದೆ. ಅಂಗಡಿ ಸಾಲ ಮಾತ್ರ ಎರಡೂ ಕಡೆ ಒಂದೇ ಥರ, ಅಲ್ವಾ?

ವಾಪಸ್ ಬರುವಾಗ ರಸ್ತೆ ಬದಿ ಒಬ್ಬ ಹೆಂಗಸು ದೊಡ್ಡ ಪಾತ್ರೆಯಲ್ಲಿ ಶೇಂಗಾ ಬೇಯಿಸುತ್ತಿದ್ದಳು. ಸಿಪ್ಪೆ ಸಮೇತ, ಉಪ್ಪುನೀರಲ್ಲಿ. ಕಾರ್ಟರ್ ಕೂಡ ಹುಡುಗನಾಗಿದ್ದಾಗ ಹೀಗೇ ಬೇಯಿಸಿ ಪೊಟ್ಟಣ ಕಟ್ಟಿ ಪ್ಲೇನ್ಸ್ ಬೀದಿಯಲ್ಲಿ ಮಾರುತ್ತಿದ್ದರಂತೆ. ಅಪ್ಪ ಮೂರು ವಾರದಲ್ಲಿ ಮೊದಲ ಸಲ ಇನ್ನೊಂದು ಪೊಟ್ಟಣ ಕೇಳಿದರು. "ಉಪ್ಪು ಜಾಸ್ತಿ" ಅಂತ ಬೈಯುತ್ತಲೇ ಪೂರ್ತಿ ಖಾಲಿ ಮಾಡಿದರು.

ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಕಾರ್ಟರ್ ವಿಷಯವೇ ಇಲ್ಲ. ಮೊದಲು ರೇಟು, ಆಮೇಲೆ ಎಕರೆಗೆ ಎಷ್ಟು, ಆಮೇಲೆ ಯಂತ್ರ. "ಆಳೇ ಬೇಕಾಗಿಲ್ಲ ಕಣೇ ಇವರಿಗೆ" ಅಂದರು.

ಸ್ಪೀಕರ್‌ನಲ್ಲಿ ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಹಂಗಾರೆ ಮಧ್ಯಾಹ್ನ ಬುತ್ತಿ ಯಾರಿಗೆ ಒಯ್ತಾರೆ?" ಅಂದಳು.