7.3 ಕಿಲೋ ಸಾಮಾನಿಗೆ ಒಂದು ಬ್ಯಾಗ್: ಹರ್ ಕೀ ದೂನ್ ತಯಾರಿ

ಆಗಸ್ಟ್ 3, ಭಾನುವಾರ

ದಸರಾ ರಜೆಯಲ್ಲಿ ಉತ್ತರಾಖಂಡದ ಹರ್ ಕೀ ದೂನ್‌ಗೆ ಹೋಗೋದು ಖಾತ್ರಿಯಾಯಿತು. ಸಾಂಕ್ರಿ ಕಡೆಯಿಂದ ಹೊರಟು ಹೆಚ್ಚುಕಮ್ಮಿ 3,500 ಮೀಟರ್ ಎತ್ತರಕ್ಕೆ ಏರುವ ಕಣಿವೆ ದಾರಿ. ಸಾಮಾನನ್ನು ಹೇಸರಗತ್ತೆ ಮೇಲೆ ಹೇರದೆ ನಾನೇ ಹೊರಬೇಕೆಂದು ಆಸೆ. ಅದಕ್ಕೇ ಇವತ್ತು ಅಟ್ಟದ ಮೇಲಿದ್ದ ಹಳೆಯ 60 ಲೀಟರ್ ಬ್ಯಾಗ್ ಇಳಿಸಿದೆ.

ಜಿಪ್ ಎಳೆದರೆ ಮುಗ್ಗಲು ವಾಸನೆ. ಒಳಗೆ ಕೈ ಹಾಕಿದರೆ ಬೆರಳಿಗೆಲ್ಲ ಅಂಟಂಟು, ಬಿಳಿ ಹೊಟ್ಟು ಉದುರುತ್ತಿದೆ. ನೀರು ಇಳಿಯದಿರಲೆಂದು ಬಟ್ಟೆಯ ಒಳಮೈಗೆ ಬಳಿದಿರುವ ಪಾಲಿಯುರೆಥೇನ್ ಲೇಪ ಅದು. ಗಾಳಿಯ ತೇವಕ್ಕೆ ಅದು ವರ್ಷವರ್ಷಕ್ಕೂ ಸಡಿಲವಾಗುತ್ತಾ ಹೋಗುತ್ತದೆ, ಮಡಚಿ ಮುಚ್ಚಿಟ್ಟರೆ ಇನ್ನೂ ಬೇಗ. ಅಪ್ಪ ಕೊಬ್ಬರಿ ತೂಗುವ ಕೊಕ್ಕೆ ತಕ್ಕಡಿಗೆ ಬ್ಯಾಗನ್ನು ನೇತುಹಾಕಿದೆ: 2.35 ಕೆಜಿ. ಖಾಲಿ ಬ್ಯಾಗ್!

ಹೊಸದು ಬೇಕೇ ಬೇಕು.

ಆಗಸ್ಟ್ 10, ಭಾನುವಾರ

ವಾರವೆಲ್ಲ ಬ್ಯಾಗುಗಳನ್ನೇ ನೋಡುತ್ತಾ ಕೂತಿದ್ದೆ. 900 ಗ್ರಾಂ, 700 ಗ್ರಾಂ, ಅರ್ಧ ಕೆಜಿ ಅಂತ ನೋಡಿದಷ್ಟೂ ತಲೆ ಕೆಟ್ಟಿತು. ಕೊನೆಗೆ ಅದನ್ನೆಲ್ಲ ಬಿಟ್ಟು, ಒಯ್ಯಬೇಕಾದ ಸಾಮಾನನ್ನು ಹಾಲ್‌ನಲ್ಲಿ ಹರಡಿ ಒಂದೊಂದನ್ನೇ ತೂಗಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ ಇದು. ಹೊರೆ ಎಷ್ಟೆಂದು ಗೊತ್ತಿಲ್ಲದೆ ಬ್ಯಾಗ್ ಆರಿಸುವುದು, ಕಾಲಿನ ಅಳತೆ ಕೊಡದೆ ಚಪ್ಪಲಿ ತರಿಸಿದ ಹಾಗೆ.

ಮಲಗುವ ಚೀಲ, ಬೆಚ್ಚನೆ ಜಾಕೆಟ್, ಮಳೆ ಕೋಟು, ಬಟ್ಟೆ, ಔಷಧಿ, ಕುರುಕಲು ತಿಂಡಿ, ಒಂದು ಲೀಟರ್ ನೀರು ಎಲ್ಲ ಸೇರಿ 9.1 ಕೆಜಿ ಬಂತು. ಆಮೇಲೆ ತೆಗೆಯುತ್ತಾ ಬಂದೆ. 410 ಗ್ರಾಂ ಸ್ಟೀಲ್ ಬಾಟಲಿ ಬದಲು ಅಂಗಡಿಯಲ್ಲಿ ಸಿಗುವ ನೀರಿನ ಬಾಟಲಿ, ಬರೀ 30 ಗ್ರಾಂ. ಟರ್ಕಿ ಟವೆಲ್ ಬದಲು ಅಪ್ಪನ ಪಾಣಿಪಂಚೆ: 420 ಇದ್ದದ್ದು 130ಕ್ಕೆ ಇಳಿಯಿತು. ಸ್ಯಾಂಡಲ್ ಹೋಗಿ ಹವಾಯಿ ಚಪ್ಪಲಿ ಬಂತು, ಅಲ್ಲಿ 260 ಉಳಿಯಿತು. ಪವರ್ ಬ್ಯಾಂಕ್ 20,000 ಎಂಎಎಚ್‌ನಿಂದ 10,000ಕ್ಕೆ, ಅಲ್ಲಿ 210. ಎರಡನೇ ಜೀನ್ಸ್ ಪ್ಯಾಂಟ್ ಒಂದೇ 640 ಗ್ರಾಂ ತೂಗಿತು, ಒದ್ದೆಯಾದರೆ ಬೆಟ್ಟದಲ್ಲಿ ಬೇಗ ಒಣಗುವುದೂ ಇಲ್ಲ. ಅದನ್ನು ಬೀರುವಿಗೇ ವಾಪಸ್ ಇಟ್ಟೆ. ಈಗ 7.3 ಕೆಜಿ. ಬೆಚ್ಚನೆಯ ಜಾಕೆಟ್ ಮತ್ತು ಔಷಧಿ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. ರಾತ್ರಿ ಚಳಿ ಸೊನ್ನೆಯ ಹತ್ತಿರ ಬರುವ ಜಾಗದಲ್ಲಿ ಗ್ರಾಂ ಲೆಕ್ಕ ನಡೆಯುವುದಿಲ್ಲ.

ಎಷ್ಟು ಲೀಟರ್ ಬ್ಯಾಗ್ ಬೇಕೆಂದು ತಿಳಿಯಲು ಎಲ್ಲವನ್ನೂ ಒಂದು ರಟ್ಟಿನ ಡಬ್ಬಕ್ಕೆ ಒತ್ತಿ ತುಂಬಿದೆ. ಉದ್ದ 40, ಅಗಲ 30, ಸಾಮಾನು ಬಂದದ್ದು 35 ಸೆಂ.ಮೀ. ಎತ್ತರಕ್ಕೆ. ಗುಣಿಸಿ ಸಾವಿರದಿಂದ ಭಾಗಿಸಿದರೆ 42 ಲೀಟರ್. ಇಷ್ಟು ದಿನ 60 ಲೀಟರ್ ಬ್ಯಾಗಿನಲ್ಲಿ ಖಾಲಿ ಜಾಗ ಕಂಡಾಗಲೆಲ್ಲ ಏನಾದರೊಂದು ತುರುಕುತ್ತಿದ್ದೆ.

ಆಗಸ್ಟ್ 15

ಶಾಲೆಯಲ್ಲಿ ಧ್ವಜ ಹಾರಿಸಿ ಬಂದ ಮೇಲೆ ಅಮ್ಮನ ಕೈಗೆ ಹೊಲಿಗೆ ಟೇಪ್ ಕೊಟ್ಟು ಬೆನ್ನು ಅಳೆಸಿದೆ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬುವ ಮೂಳೆಯಿಂದ ಕೆಳಕ್ಕೆ, ಎರಡೂ ಕೈ ಸೊಂಟದ ಮೂಳೆಯ ಮೇಲಿಟ್ಟಾಗ ಹೆಬ್ಬೆರಳುಗಳು ಬೆನ್ನಲ್ಲಿ ಸೇರುವ ಗೆರೆಯವರೆಗೆ. ನನ್ನದು 41 ಸೆಂ.ಮೀ. ಹಳೇ ಬ್ಯಾಗಿನ ಬೆನ್ನು ಅಳೆದರೆ 48!

ಎರಡು ವರ್ಷದ ಹಿಂದೆ ಕುಮಾರ ಪರ್ವತ ಹತ್ತಿ ಇಳಿದಾಗ ಭುಜದ ಮೇಲೆ ಎದ್ದ ಕೆಂಪು ಬರೆ ಮಾಯಲು ನಾಲ್ಕು ದಿನ ಬೇಕಾಯಿತು. ನನಗೆ ಶಕ್ತಿ ಸಾಲದು ಅಂದುಕೊಂಡಿದ್ದೆ. ಸೊಂಟದ ಪಟ್ಟಿ ಸೊಂಟದ ಮೂಳೆಗಿಂತ ಕೆಳಗೆ ಜಾರಿ ಕೂತು, ಭಾರವೆಲ್ಲ ಭುಜಕ್ಕೆ ಜೋತುಬಿದ್ದಿತ್ತು ಅಷ್ಟೆ. ಅಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ಬಿಂದಿಗೆ ಸೊಂಟದ ಮೇಲೆ ಕೂತ್ರೆ ಮೈಲಿ ನಡೀಬೋದು ಕಣೇ, ಕೈಲಿ ಹಿಡ್ಕೊಂಡ್ರೆ ಬಾವಿ ಕಟ್ಟೆಯಿಂದ ಮನೆಗೆ ಬರೋಷ್ಟ್ರಲ್ಲೇ ಸಾಕಾಗುತ್ತೆ" ಅಂದರು.

ಆಗಸ್ಟ್ 24, ಭಾನುವಾರ

ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಬ್ಯಾಗ್ ಬಂತು. 40 ಲೀಟರ್, ಒಳಗೆ ಕಂಬಿಯಾಗಲಿ ಹಲಗೆಯಾಗಲಿ ಇಲ್ಲ, 640 ಗ್ರಾಂ. ಬಟ್ಟೆ 210 ಡೆನಿಯರ್ ರಿಪ್‌ಸ್ಟಾಪ್ ನೈಲಾನ್. ಡೆನಿಯರ್ ಅಂದರೆ 9,000 ಮೀಟರ್ ನೂಲಿನ ತೂಕ, ಗ್ರಾಂ ಲೆಕ್ಕದಲ್ಲಿ. ಅಂಕಿ ಚಿಕ್ಕದಾದಷ್ಟೂ ನೂಲು ತೆಳು. ರಿಪ್‌ಸ್ಟಾಪ್‌ನಲ್ಲಿ ನಡುನಡುವೆ ದಪ್ಪ ಎಳೆಗಳ ಚೌಕುಳಿ ಇರುವುದರಿಂದ ಒಂದು ಕಡೆ ಹರಿದರೂ ಹರಕು ಮುಂದೆ ಓಡುವುದಿಲ್ಲ. ಡೈನೀಮಾ ಎಂಬ ಗಟ್ಟಿ ನೂಲಿನ ಬಟ್ಟೆಯವು ಇನ್ನೂ ಹಗುರ, ನೀರನ್ನೂ ಕುಡಿಯುವುದಿಲ್ಲ, ಆದರೆ ಆ ಬೆಲೆ ನನ್ನ ಸಂಬಳಕ್ಕೆ ಆಗಿಬರುವುದಿಲ್ಲ.

ಸಾಮಾನು ತುಂಬಿಕೊಂಡು ಸಿದ್ಧಗಂಗೆ ಬೆಟ್ಟದ ಮೆಟ್ಟಿಲು ಹತ್ತಿದೆ. ಮೊದಲ ಸಲ ರೆಕ್ಕೆ ಬಂದಂತಿತ್ತು. ಮೂರನೇ ಸಲಕ್ಕೆ ಬ್ಯಾಗ್ ಮಧ್ಯದಲ್ಲಿ ಉಬ್ಬಿ ಪೀಪಾಯಿಯಾಯಿತು, ತಳ ಕುಸಿದು ಭಾರ ಮತ್ತೆ ಭುಜಕ್ಕೇ ಬಂತು. ಚಾಪೆಯನ್ನು ಸುರುಳಿ ಸುತ್ತಿ ಒಳಗೋಡೆಯಂತೆ ಇಟ್ಟು ನೋಡಿದೆ, ಸ್ವಲ್ಪ ವಾಸಿ ಅನಿಸಿತು, ಸಾಲದು. ಅದೂ ಅಲ್ಲದೆ ಎಡಪಟ್ಟಿಯ ಬುಡದಲ್ಲಿ ಎರಡು ಹೊಲಿಗೆ ಬಿಟ್ಟಿತ್ತು. ಹೊಚ್ಚ ಹೊಸ ಬ್ಯಾಗು, ಬೇಸರವಾಯಿತು. ವಾಪಸ್ ಕಳಿಸಿದೆ.

ಇಂಥ ಬ್ಯಾಗ್ ತಪ್ಪು ಅಂತಲ್ಲ. ಅಮೆರಿಕದ ಎಮ್ಮಾ ಗೇಟ್‌ವುಡ್ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಮನೆಯಲ್ಲೇ ಹೊಲಿದ ಬಟ್ಟೆ ಚೀಲವನ್ನು ಒಂದು ಭುಜಕ್ಕೆ ಹಾಕಿಕೊಂಡು 3,300 ಕಿ.ಮೀ.ಯಷ್ಟಿದ್ದ ಅಪಲಾಚಿಯನ್ ಟ್ರೇಲ್ ಪೂರ್ತಿ ನಡೆದರು. ಟೆಂಟೂ ಇಲ್ಲ, ಮಲಗುವ ಚೀಲವೂ ಇಲ್ಲ, ಹಾಗಾಗಿ ಅವರಿಗೆ ಕಂಬಿ ಬೇಕಾಗಿರಲಿಲ್ಲ. ನನ್ನ ಬೆನ್ನಿಗೆ 7.3 ಕೆಜಿ ಇದೆ, ಇನ್ನೊಂದು ಲೀಟರ್ ನೀರು ತುಂಬಿಕೊಂಡ ದಿನ 8.3.

ಸೆಪ್ಟೆಂಬರ್ 7, ಭಾನುವಾರ

ಎಲ್ಲ ಸಾಮಾನನ್ನೂ ಎರಡು ಬಟ್ಟೆ ಚೀಲದಲ್ಲಿ ತುಂಬಿಕೊಂಡು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಅಂಗಡಿಯ ಹುಡುಗ ಮೊದಲು ನಕ್ಕ, ಆಮೇಲೆ ತಾನೇ ಕೂತು ತುಂಬಿಸಿಕೊಟ್ಟ. ಆರು ಬ್ಯಾಗ್ ಹಾಕಿಕೊಂಡು ಒಂದೊಂದಕ್ಕೂ ಹತ್ತು ನಿಮಿಷ ಅಲ್ಲೇ ಮೆಟ್ಟಿಲು ಹತ್ತಿಳಿದೆ. ಕೊನೆಗೆ ಆರಿಸಿದ್ದು 45 ಲೀಟರ್, ಬೆನ್ನಲ್ಲಿ ಒಂದು ಅಲ್ಯೂಮಿನಿಯಂ ಪಟ್ಟಿ, ಬೆನ್ನಿನ ಉದ್ದ ಏರಿಸಿ ಇಳಿಸಬಹುದು, ಭುಜದ ಪಟ್ಟಿ ಎದೆಯ ಪಕ್ಕ ಬಳಸಿ ಹೋಗುವ ಹೆಂಗಸರ ಮಾದರಿ. 1,180 ಗ್ರಾಂ.

ತಕ್ಕಡಿ ಪ್ರಕಾರ ಮೊದಲನೆಯದಕ್ಕಿಂತ 540 ಗ್ರಾಂ ಜಾಸ್ತಿ. ಸೊಂಟದ ಪಟ್ಟಿ ಮೂಳೆಯ ಏಣಿನ ಮೇಲೆ ಕೂತು ಬಿಗಿಯಾದ ಕ್ಷಣ ಭುಜದ ಪಟ್ಟಿಯಡಿ ಬೆರಳು ಆಡಿಸುವಷ್ಟು ಸಡಿಲ ಸಿಕ್ಕಿತು. ಆ 540 ಗ್ರಾಂ ನನಗೆ ಮೈಮೇಲೆ ಕಾಣಲೇ ಇಲ್ಲ.

ಸೆಪ್ಟೆಂಬರ್ 14, ಭಾನುವಾರ

ನಾಮದ ಚಿಲುಮೆಯಿಂದ ದೇವರಾಯನದುರ್ಗಕ್ಕೆ ಪೂರ್ತಿ ಹೊರೆಯೊಂದಿಗೆ ನಡೆದೆ. ಭೋಗನರಸಿಂಹನ ಗುಡಿ ದಾಟಿ ಯೋಗನರಸಿಂಹನ ಕಡೆ ಮೆಟ್ಟಿಲು ಹತ್ತುವಾಗ ಒಂದು ಕೋತಿ ಪಕ್ಕದ ಜೇಬಿನ ಬಾಳೆಹಣ್ಣು ಕಿತ್ತುಕೊಂಡು ಹೋಯಿತು. ಜೇಬಿನ ಬಲೆ ಮಾತ್ರ ಹರಿಯಲಿಲ್ಲ, ಸಂತೋಷ.

ಇಳಿಯುವಾಗ ಮಳೆ ಹಿಡಿಯಿತು. ಮೇಲುಗವಸು ಹಾಕಿದ್ದರೂ ಬೆನ್ನಿನ ಕಡೆಯಿಂದ ನೀರು ಇಳಿದು ಬ್ಯಾಗಿನ ತಳದಲ್ಲಿ ನಿಂತಿತ್ತು. ಆದರೆ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು, ಬಾಯಿ ತಿರುಚಿ ಗಂಟು ಹಾಕಿದ್ದೆ. ಮಲಗುವ ಚೀಲ ಬೂದಿಯಷ್ಟು ಒಣಗಿತ್ತು. ಇನ್ನು ಮೇಲುಗವಸು ಬೇಡ, ಒಳಚೀಲವೇ ಸಾಕು.

ಸೆಪ್ಟೆಂಬರ್ 18

ಮಂಡಿಪೇಟೆಯಲ್ಲಿ ಬ್ಯಾಗ್ ರಿಪೇರಿ ಮಾಡುವ ಹಿರಿಯರ ಹತ್ತಿರ ಹೋಗಿದ್ದೆ. ಬಿಚ್ಚಿ ತೆಗೆಯಬಹುದಾದ ಮೇಲಿನ ಮುಚ್ಚಳ 130 ಗ್ರಾಂ ಇತ್ತು, ಅದನ್ನು ಮನೆಯಲ್ಲೇ ಬಿಟ್ಟೆ. ಹಳೇ ಬ್ಯಾಗಿನಿಂದ ಕತ್ತರಿಸಿಕೊಂಡ ಜಿಪ್ ಜೇಬನ್ನು ಹೊಸದರ ಸೊಂಟದ ಪಟ್ಟಿಗೆ ಹೊಲಿಸಿದೆ, ಅದು 40 ಗ್ರಾಂ. ಉದ್ದುದ್ದ ನೇತಾಡುವ ಪಟ್ಟಿಗಳನ್ನೂ ಕತ್ತರಿಸಿಬಿಡಿ ಅಂದೆ. "ತಡಿಯಮ್ಮಾ, ದಪ್ಪ ಕೋಟು ಹಾಕ್ಕೊಂಡಾಗ ಇದು ಸಾಲ್ದೆ ಬರುತ್ತೆ" ಎಂದು ನನ್ನ ಜಾಕೆಟ್ ಹಾಕಿಸಿ, ಪಟ್ಟಿ ಎಳೆದು ನೋಡಿ, ಒಂದು ಗೇಣು ಬಿಟ್ಟು ಎರಡನ್ನು ಮಾತ್ರ ಕತ್ತರಿಸಿದರು. ನೈಲಾನ್ ಎಳೆ ಬಿಚ್ಚಿಕೊಳ್ಳದಂತೆ ತುದಿಯನ್ನು ಮೇಣದಬತ್ತಿಗೆ ಹಿಡಿದು, ಕರಗಿದ ಅಂಚನ್ನು ಕತ್ತರಿಯ ಬೆನ್ನಿನಿಂದ ಒತ್ತಿದರು.

ಮನೆಗೆ ಬಂದು ತೂಗಿದರೆ ಬ್ಯಾಗ್ 1.08 ಕೆಜಿ. ತುಂಬಿ ತೂಗಿದಾಗ 8.4. ಹಳೇ ಬ್ಯಾಗಿನಲ್ಲಿ ಹಳೇ ಸಾಮಾನು ತುಂಬಿದ್ದರೆ 11.4 ದಾಟುತ್ತಿತ್ತು. ಭಾನುವಾರ ಇದನ್ನೇ ಹೊತ್ತು ಮಧುಗಿರಿ ಕೋಟೆ ಬೆಟ್ಟ ಹತ್ತುತ್ತೇನೆ. ಕಡಿದಾದ ಬಂಡೆಯ ಮೇಲೆ ಮುಂದಕ್ಕೆ ಬಾಗಿದಾಗ ಬ್ಯಾಗಿನ ತಲೆ ನನ್ನ ತಲೆಗೆ ತಾಗುತ್ತದೋ ಇಲ್ಲವೋ ನೋಡುವುದೊಂದು ಬಾಕಿ ಇದೆ.